ಹೋದ ವಾರ ಏನಾಯ್ತು

ಮಿಕ್ಸಿ ರಿಪೇರಿಗೆ ಕೊಡಲು ಈಚೆಗೆ ಹಲಸೂರಿನ ಬಜಾರಿಗೆ ಹೋಗಿದ್ದೆ. ಅಂಗಡಿಯವನು ಹಳೇ ಡಬ್ಬಾ ಟೀವಿಯೊಂದರ ಹಿಂಬದಿ ಬಿಚ್ಚಿ, ಚಾಲೂ ಮಾಡಿ ಇಟ್ಟಿದ್ದ. ಒಳಗಿನ ಧೂಳು ಕಾದ ವಾಸನೆ ಬಂತು... ಸ್ವಲ್ಪ ಸುಟ್ಟಂತೆ, ಸ್ವಲ್ಪ ಸಿಹಿಯಾಗಿ. ನಮ್ಮನೆ ಟೀವಿಯೂ ಹೀಗೇ ನಾರುತ್ತಿತ್ತು. ಅದರ ಮುಂದೆ ಗೋಡೆಗೊರಗಿ ಕೂರುತ್ತಿದ್ದ ಎದುರುಮನೆ ಅಕ್ಕ ನೆನಪಾದರು.

ತೊಂಬತ್ತರ ದಶಕದ ಕೊನೆ ಅದು. ನಾನು, ಅಮ್ಮ ಇಬ್ಬರೇ ಹಲಸೂರಿನ ಒಂದು ವಠಾರದಲ್ಲಿದ್ದೆವು. ನನಗೆ ಶಿವಾಜಿನಗರದಲ್ಲಿ ಟೈಪಿಸ್ಟ್ ಕೆಲಸ. ಎದುರುಮನೆ ಅಕ್ಕ ದಾವಣಗೆರೆ ಕಡೆಯವರು. ಅವರ ಯಜಮಾನರು ಕೆ.ಆರ್. ಪುರದ ಹತ್ತಿರ ಕಾರ್ಖಾನೆಗೆ ಹೋಗುತ್ತಿದ್ದರು. ಮಕ್ಕಳಿರಲಿಲ್ಲ, ಟೀವಿಯೂ ಇರಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಮ್ಮನೆಗೆ ಬಂದುಬಿಡುತ್ತಿದ್ದರು.

ಆ ಹೊತ್ತಿಗೆ ಒಂದು ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ದಾರಿ ತಪ್ಪಿದ ಒಂದು ನೌಕೆಯ ಕತೆ, ಹಿಂದಿಗೆ ಡಬ್ ಮಾಡಿದ್ದು. ಅಕ್ಕನಿಗೆ ಹಿಂದಿ ಅರ್ಧ ಅರ್ಥವಾಗುತ್ತಿತ್ತು, ವಾದ ಮಾತ್ರ ಪೂರ್ತಿ ಮಾಡುತ್ತಿದ್ದರು. ನೌಕೆ ಅನ್ನುತ್ತಿರಲಿಲ್ಲ, ಹಡಗು ಅನ್ನುತ್ತಿದ್ದರು. ಸೋಮವಾರ ನಲ್ಲಿಯ ಹತ್ತಿರ ಶುರುವಾದ ಚರ್ಚೆ ಶನಿವಾರದವರೆಗೂ ನಡೆಯುತ್ತಿತ್ತು. ಹಡಗಿನ ನಾಯಕಿಗೆ ಬುದ್ಧಿಯಿಲ್ಲ, ಆ ಹಸಿರು ಕಣ್ಣಿನವನನ್ನು ನಂಬಬಾರದಿತ್ತು... ಅಮ್ಮ ಸೊಪ್ಪು ಬಿಡಿಸುತ್ತಾ, "ನಿಮ್ಮಿಬ್ಬರಿಗೂ ಹುಚ್ಚು," ಅನ್ನುತ್ತಿದ್ದಳು.

ಒಂದು ಭಾನುವಾರ ಹಡಗಿನ ಮೆಕ್ಯಾನಿಕ್ಕು ಹಿಮದ ಗ್ರಹವೊಂದರಲ್ಲಿ ಸಿಕ್ಕಿಹಾಕಿಕೊಂಡ. ಹಡಗಿನಲ್ಲಿ ಇಂಧನ ಮುಗಿಯುತ್ತಾ ಬಂದಿತ್ತು. ಆ ವಾರದ ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ಕಾಯ್ಲೇಬೇಕು ಕಣೇ," ಅಂದರು ಅಕ್ಕ. "ಬಿಟ್ಟು ಹೋಗೋ ಹಾಗಿದ್ರೆ ಜೊತೇಲಿ ಯಾಕೆ ಕರ್ಕೊಂಡ್ ಬಂದ್ರು?"

"ಕಾದ್ರೆ ಎಲ್ರೂ ಸಾಯ್ತಾರಲ್ಲ ಅಕ್ಕ."

"ಸಾಯ್ಲಿ."

ಊಟದ ಕ್ಯಾರಿಯರ್ ಹಿಡಿದು ಭಾನುವಾರದ ಪಾಳಿಗೆ ಹೊರಟಿದ್ದ ಅವರ ಯಜಮಾನರು ಬಾಗಿಲಲ್ಲಿ ನಿಂತು ನಕ್ಕರು. "ನಾನ್ ಸ್ವಲ್ಪ ಲೇಟಾದ್ರೆ ಊಟಕ್ಕೆ ಕಾಯಲ್ಲ ಇವ್ಳು. ಹಡಗು ನಿಲ್ಲಿಸ್ತಾಳಂತೆ!"

ಅದೇ ವಾರ ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಯಜಮಾನರ ಸ್ಕೂಟರಿಗೆ ಲಾರಿ ಗುದ್ದಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಮುಂದಿನ ಭಾನುವಾರ ಎದುರುಮನೆಯ ತುಂಬ ನೆಂಟರು. ಅಮ್ಮ ಅಲ್ಲೇ ಇದ್ದಳು. ನಾನು ಬಾಗಿಲು ಹಾಕಿಕೊಂಡು, ಧ್ವನಿ ತಗ್ಗಿಸಿ, ಒಬ್ಬಳೇ ಟೀವಿ ನೋಡಿದೆ. ಯಾಕೆ ನೋಡಿದೆನೋ...

ಅದರ ಮುಂದಿನ ಭಾನುವಾರ ಅಕ್ಕ ಬಂದರು. ತಲೆ ಬಾಚಿರಲಿಲ್ಲ. ತಮ್ಮ ಜಾಗದಲ್ಲಿ ಗೋಡೆಗೊರಗಿ ಕೂತರು.

"ಹಾಕು," ಅಂದರು. "ಹೋದ ವಾರ ಏನಾಯ್ತು? ನಾನು ನೋಡ್ಲಿಲ್ಲ."

ಅಮ್ಮ ನನಗೆ ಕಣ್ಣಲ್ಲೇ ಬೇಡ ಅಂದಳು. "ಕಾದ್ರು ಅಕ್ಕ, ಅವನ್ನ ಕರ್ಕೊಂಡೇ ಹೋದ್ರು," ಅಂತ ಒಂದು ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಿಟ್ಟು ಹೋದ್ರು ಅಕ್ಕ."

"ಅವ್ಳು ತಿರುಗಿ ನೋಡಿದ್ಲಾ?"

"ನೋಡಿದ್ಲು."

"ಹೂಂ," ಅಂದರು. ಅಳಲಿಲ್ಲ. ಟೀವಿಯ ಕಡೆ ತಿರುಗಿದರು.

ಸ್ವಲ್ಪ ಹೊತ್ತಿಗೆ ಅವರ ತಮ್ಮ ಹುಡುಕಿಕೊಂಡು ಬಂದ. ಭಾವನ ಕಾರ್ಯಕ್ಕೆಂದು ಊರಿಂದ ಬಂದಿದ್ದವನು, ತಾನೇ ನಿಂತು ಮಾಡಿ ತಲೆ ಬೋಳಿಸಿಕೊಂಡಿದ್ದ. ಬಾಗಿಲಲ್ಲೇ ಬೆಚ್ಚಿ ನಿಂತ. "ಏನಕ್ಕ ಇದು? ಮಂದಿ ನೋಡಿದ್ರೆ ಏನಂತಾರೆ? ಏಳು."

"ಮುಗೀಲಿ. ಬರ್ತೀನಿ."

ಅವನು ಎಳೆದುಕೊಂಡು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತ. ಜಾಹೀರಾತು ಬಂದಾಗ ಮೆಲ್ಲಗೆ ಕೇಳಿದ, "ಆ ಹೆಂಗಸು ಯಾರು?"

"ನಾಯಕಿ," ಅಂದರು ಅಕ್ಕ. "ಹಡಗು ಅವಳದ್ದೇ. ಊರಿಗೆ ದಾರಿ ಗೊತ್ತಿಲ್ಲ ಅವ್ಳಿಗೆ."

ಮುಗಿದ ಮೇಲೆ ಇಬ್ಬರೂ ಎದ್ದು ಎದುರುಮನೆಗೆ ಹೋದರು. ವಠಾರದವರು ತಿಂಗಳುಗಟ್ಟಲೆ ಆಡಿಕೊಂಡರು. ಗಂಡ ಸತ್ತು ಇನ್ನೂ ಎಷ್ಟು ದಿನ ಆಯ್ತು, ಟೀವಿ ಬೇಕಾಯ್ತಂತೆ... ಅಷ್ಟರಲ್ಲಿ ತಮ್ಮ ಅಕ್ಕನನ್ನು ಊರಿಗೆ ಕರೆದೊಯ್ದಿದ್ದ.

ಅಲ್ಲಿ ಕೇಬಲ್ ಇರಲಿಲ್ಲ. ನಮ್ಮ ಗಲ್ಲಿ ತುದಿಯ ಎಸ್‌ಟಿಡಿ ಅಂಗಡಿಗೆ ಅಕ್ಕ ಭಾನುವಾರ ಫೋನ್ ಮಾಡುತ್ತಿದ್ದರು. ಹೇಗಿದ್ದೀರಿ ಅಂದರೆ, "ಅದಿರ್ಲಿ, ಏನಾಯ್ತು ಹೇಳು," ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ವಾದ ಮಾಡುತ್ತಿರಲಿಲ್ಲ, ಹೂಂಗುಟ್ಟುತ್ತಿದ್ದರು. ಒಂದು ವಾರ ಆ ಹೊತ್ತಿಗೆ ಬೇರೇನೋ ಕಾರ್ಯಕ್ರಮ ಬಂತು. ಧಾರಾವಾಹಿ ನಿಂತುಹೋಗಿತ್ತು.

"ಹಾಗಾದ್ರೆ ಸರಿ," ಅಂದರು ಅಕ್ಕ. ಲೈನು ಖಾಲಿಯಾಗಿ ಗುಂಯ್‌ಗುಟ್ಟುತ್ತಿತ್ತು. ಇಬ್ಬರಲ್ಲಿ ಯಾರು ಮೊದಲು ಇಟ್ಟೆವೋ ನೆನಪಿಲ್ಲ.

ಆಮೇಲೆ ಯುಗಾದಿಗೆ, ದೀಪಾವಳಿಗೆ ಮಾತ್ರ ಫೋನು. ಹಬ್ಬ ಆಯ್ತಾ, ಆಯ್ತು. ನನಗೆ ಮದುವೆಯಾಯಿತು, ಇಂದಿರಾನಗರದ ಫ್ಲ್ಯಾಟಿಗೆ ಬಂದೆ, ಮಗಳು ಹುಟ್ಟಿದಳು, ಅಮ್ಮ ಹೋದಳು. ಹೇಳಿದಾಗೆಲ್ಲ ಅಕ್ಕ ಅದೇ ದನಿಯಲ್ಲಿ ಹೂಂ ಅನ್ನುತ್ತಿದ್ದರು.

ಮಿಕ್ಸಿ ವಾಪಸು ಬಂದ ವಾರವೇ ಅವರ ತಮ್ಮ ಫೋನ್ ಮಾಡಿದ. "ಅಕ್ಕ ತೀರ್ಕೊಂಡ್ರು ರೀ. ನಿಮಗೊಂದು ಮಾತು ಹೇಳ್ಬೇಕು ಅನ್ನಿಸ್ತು."

ಹೌದಾ, ಅಂದೆ. ಒಲೆ ಮೇಲೆ ಅನ್ನವಿತ್ತು, ಇಳಿಸಿದೆ. ಮಗಳಿಗೆ ಬಡಿಸಿದೆ.

"ಯಾರಮ್ಮ ಫೋನು?"

"ಒಬ್ರು ತೀರ್ಕೊಂಡ್ರಂತೆ."

"ಯಾರು?"

ನೆಂಟರಲ್ಲ. ಸ್ನೇಹಿತೆ ಅನ್ನಲು ಬಾಯಿ ಬರಲಿಲ್ಲ. "ಎದುರುಮನೆಯವರು," ಅಂದೆ.

ಮಗಳು ಗಾಬರಿಯಾಗಿ ತಟ್ಟೆ ಬಿಟ್ಟೆದ್ದು, ಕಿಟಕಿಯಾಚೆ ಎದುರಿನ ಫ್ಲ್ಯಾಟಿನತ್ತ ನೋಡಿದಳು. ಅಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು.