ಕೋದಂಡಪ್ಪ ಬರೆದ ಸಾವು

ಮಿಲಿಟರಿಯಿಂದ ಬಂದವರಿಗೆ ಎರಡೇ ಕೆಲಸ ಗೊತ್ತು, ಮೀಸೆ ತಿರುವುವುದು ಮತ್ತು ಬುರುಡೆ ಬಿಡುವುದು ಎಂದು ನಾನು ಬಹಳ ಕಾಲ ನಂಬಿದ್ದೆ. ಆಂಡರ್ಸನ್‌ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿಯ ಬೆಂಚು ಸವೆಸಿದ ಮಾಜಿ ಸಿಪಾಯಿಗಳನ್ನು ಕಂಡಿದ್ದರೆ ನೀವೂ ನಂಬುತ್ತಿದ್ದಿರಿ. ಕೋದಂಡಪ್ಪ ಮಾತ್ರ ಆ ಜಾತಿಗೆ ಸೇರಿದವನಲ್ಲ. ಅವನಿಗೆ ಮೀಸೆ ಇತ್ತು, ತಿರುವುತ್ತಿರಲಿಲ್ಲ. ಬರ್ಮಾ ಕಂಡು ಬಂದಿದ್ದ, ಬಾಯಿ ಬಿಡುತ್ತಿರಲಿಲ್ಲ. ಕೋರಮಂಡಲ್ ಚಿನ್ನದ ಗಣಿಯ ಗೇಟಿನಲ್ಲಿ ಕಾವಲು ಕಾಯುತ್ತ, ಲೈನ್ ಮನೆಯೊಂದರಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದ.

ಅವನ ಊರು ಬಂಗಾರಪೇಟೆಯ ಮಗ್ಗುಲಿನದು. ನನ್ನ ಹೆಂಡತಿ ಅನಸೂಯಮ್ಮನ ತೌರೂ ಅದೇ ಊರಾದ್ದರಿಂದ ಅವನ ಜಾತಕವೆಲ್ಲ ನನಗೆ ಗೊತ್ತಿತ್ತು. ಪಕ್ಕದ ಮನೆಯ ಚಿಕ್ಕವೆಂಕಟಪ್ಪನೂ ಅವನೂ ಓರಗೆಯವರು. ಒಂದೇ ಬಾವಿಯಲ್ಲಿ ಈಜು ಕಲಿತು, ಒಂದೇ ದಿನ ದಂಡಿಗೆ ಸೇರಿದವರು. ರಸ್ತೆ ಕಡಿಯುವ ದಂಡಿನಲ್ಲಿ ಇಬ್ಬರನ್ನೂ ಬರ್ಮಾಕ್ಕೆ ಸಾಗಹಾಕಿದರು. ಜಪಾನಿನವರು ಅಟ್ಟಿಸಿಕೊಂಡು ಬಂದಾಗ ಕಾಡುಬೆಟ್ಟಗಳಲ್ಲಿ ನಡೆದುಕೊಂಡೇ ಹಿಂದಕ್ಕೆ ಬಂದವರಲ್ಲಿ ಕೋದಂಡಪ್ಪ ಒಬ್ಬ. ಚಿಕ್ಕವೆಂಕಟಪ್ಪ ಬರಲಿಲ್ಲ. ಕಾಣೆಯಾಗಿದ್ದಾನೆ ಎಂದು ಸರ್ಕಾರ ತಿಳಿಸಿ ಕೈತೊಳೆದುಕೊಂಡಿತು. ಅವನ ಹೆಂಡತಿ ಮುನಿರತ್ನಮ್ಮ ಬಂದು ಕೇಳಿದ್ದಕ್ಕೆ ಕೋದಂಡಪ್ಪ, "ಕಾಡಾಗೆ ಬ್ಯಾರೆ ಬ್ಯಾರೆ ಆಗ್ಬುಟ್ವಿ ಕಣಮ್ಮಾ, ನಂಗೊತ್ತಿಲ್ಲ" ಎಂದನಂತೆ. ಆಮೇಲೆ ಅವನು ಊರಲ್ಲಿ ನಿಲ್ಲಲಿಲ್ಲ.

ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯುವುದು, ಆಮೇಲೆ ಕರ್ಮ ಮಾಡಿ ಹೆಂಗಸಿನ ಬಳೆ ಒಡೆಯುವುದು ಊರಿನ ವಾಡಿಕೆ. ಅವಧಿ ಮುಗಿದಾಗ ಮೈದುನರು, ಹಿರಿಯರು ಬಂದು ಕೂತರು. ಮುನಿರತ್ನಮ್ಮ ಒಪ್ಪಬೇಕಲ್ಲ! "ಅವನ ಸಾವು ಕಣ್ಣಾರೆ ಕಂಡೋರು ಒಬ್ರು ಬಂದು ಏಳ್ಲಿ, ಆಗ ನಾನೇ ಒಡ್ಕೋತೀನಿ. ಅಲ್ಲೀಗಂಟ ನನ್ನ ಬಳೆ ಮುಟ್ಟಿದೋರ ಕೈ ಮುರೀತೀನಿ" ಎಂದಳು. ಮುರಿಯುವವಳೇ. ಎಮ್ಮೆ ಕಟ್ಟಿಕೊಂಡು ಬಂಗಾರಪೇಟೆಯ ಹೋಟೆಲುಗಳಿಗೆಲ್ಲ ಹಾಲು ಹಾಕಿ ಬದುಕಿದ ಹೆಂಗಸು. ದಿನಾ ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡು ಸ್ಟೇಷನ್ ಮುಂದೆ ಹಾದು ಹೋಗುತ್ತಿದ್ದಳು. ಜನ ಮೊದಮೊದಲು ಮರುಗಿದರು, ಆಮೇಲೆ ನಕ್ಕರು, ಕೊನೆಗೆ ಸುಮ್ಮನಾದರು.

ಚೀನಾದವರ ಜೊತೆ ಯುದ್ಧವಾಯಿತಲ್ಲ, ಅದರ ಮುಂದಿನ ವರ್ಷ ನಮ್ಮ ಮಾಜಿ ಸಿಪಾಯಿಗಳಿಗೆ ಒಂದು ಹುಚ್ಚು ಹಿಡಿಯಿತು. ಸಂಘದ ಅಧ್ಯಕ್ಷ, ಹವಾಲ್ದಾರ್ ಜಯರಾಮಪ್ಪ, "ನಾವು ಯುದ್ಧ ಕಂಡೋರು, ಕಂಡಿದ್ನ ಬರೀಬೇಕು, ಜನಕ್ಕೆ ಓದಿ ಏಳ್ಬೇಕು" ಎಂದು ಅಪ್ಪಣೆ ಕೊಡಿಸಿದ. ಬರೆಯುವುದಕ್ಕೆ ಜಾಗ ಎಲ್ಲಿ? ನನ್ನ ಅಂಗಡಿ! ಭಾನುವಾರ ಬಂದರೆ ನನ್ನ ಕತ್ತರಿಸುವ ಮೇಜಿನ ಮೇಲೆ ಬಟ್ಟೆಗೆ ಜಾಗವಿಲ್ಲ, ಬರೀ ಮೊಣಕೈಗಳು. ಗನ್ ಹಿಡಿದ ಕೈಗೆ ಪೆನ್ಸಿಲ್ ಒಗ್ಗುತ್ತದೆಯೇ? ಮೊನೆ ಮುರಿಯುವುದೇ ಮುರಿಯುವುದು. ಜಯರಾಮಪ್ಪ ತಾನು ಕಾದಾಡಿದ ಮರುಭೂಮಿಯ ಮೇಲೆ ಪದ್ಯ ಬರೆದ. ಮೂರು ಸಾಲಿಗೊಮ್ಮೆ ಜೈ, ಮರಳಿನ ಸುದ್ದಿಯೇ ಇಲ್ಲ. ಆರುಮುಗಂ ದಂಡಿನಲ್ಲಿ ಸಾಮಾನು ಹೊರುತ್ತಿದ್ದು ಹೊಳೆಯಲ್ಲಿ ಕೊಚ್ಚಿಹೋದ ತನ್ನ ಹೇಸರಗತ್ತೆಯ ಮೇಲೆ ತಮಿಳಿನಲ್ಲಿ ಹಾಡು ಕಟ್ಟಿದ. ಹಾಡುತ್ತ ಹಾಡುತ್ತ ಆ ದಾಂಡಿಗ ಗೊಳೋ ಎಂದು ಅತ್ತುಬಿಟ್ಟ. "ಏನಪ್ಪಾ, ಹೆಂಡತಿ ಸತ್ತಾಗಲೂ ಇಷ್ಟು ಅಳಲಿಲ್ಲ ನೀನು" ಎಂದು ರೇಗಿಸಿದೆ. "ಪೊಂಡಾಟಿ ನನ್ನ ಸಾಮಾನು ಒತ್ತಿರ್ಲಿಲ್ಲ ಅಣ್ಣೇ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೂಲೆಯಲ್ಲಿ ಕೂತು ಬಹಳ ವಾರ ಬರೆದವನು ಕೋದಂಡಪ್ಪ. ಒಂದು ಭಾನುವಾರ ಎದ್ದು ನಿಂತು ಓದಿದ. ನಾಟಕ! ಬರ್ಮಾದ ಕಾಡು, ಇಬ್ಬರು ಗೆಳೆಯರು, ಕೋದಂಡ ಮತ್ತು ಚಿಕ್ಕವೆಂಕಟ. ಹೆಸರು ಕೂಡ ಬದಲಾಯಿಸಿರಲಿಲ್ಲ. ಗುಂಡು ತಿಂದ ಗೆಳೆಯನನ್ನು ಕೋದಂಡ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುತ್ತಾನೆ. ಸಾಹೇಬ ಬಿಟ್ಟು ಬಾ ಎಂದರೂ ಬಿಡುವುದಿಲ್ಲ. ಕೊನೆಗೆ ಅವನ ತೊಡೆಯ ಮೇಲೇ ಗೆಳೆಯ ಪ್ರಾಣ ಬಿಡುತ್ತಾನೆ. "ರತ್ನಂಗೆ ಏಳು, ನಾನು ಎದರ್ಕೊಂಡು ಸಾಯ್ಲಿಲ್ಲ ಅಂತ" ಎನ್ನುವುದು ಅವನ ಕಡೆಯ ಮಾತು. ಕೋದಂಡ ಗುಂಡಿ ತೋಡಿ, ಮಣ್ಣು ಮಾಡಿ, ಸೆಲ್ಯೂಟ್ ಹೊಡೆಯುತ್ತಾನೆ. ಓದಿ ಮುಗಿಸಿದಾಗ ನನ್ನ ಕಣ್ಣಲ್ಲೂ ನೀರು ತುಂಬಿತ್ತು.

"ಇದು ನಡೆದಿದ್ದೇನೋ ಕೋದಂಡಪ್ಪಾ?" ಎಂದೆ.

"ನಾಟಕ ಅಲ್ವಾ ಮುನಿಸ್ವಾಮಪ್ಪಾ" ಎಂದು ತಲೆ ತಗ್ಗಿಸಿದ. ಎಂಥ ವಿನಯ, ತನ್ನ ದೊಡ್ಡತನ ಹೇಳಿಕೊಳ್ಳುವುದಿಲ್ಲ ನೋಡಿ ಎಂದು ಎಲ್ಲರೂ ಬೆನ್ನು ತಟ್ಟಿದರು.

ಖಾಕಿ ಬಟ್ಟೆ ನಾನೇ ಹೊಲಿದೆ. ಕೋದಂಡಪ್ಪನೇ ಕೋದಂಡ. ಚಿಕ್ಕವೆಂಕಟನ ಪಾತ್ರಕ್ಕೆ, ಬೇರೆ ಯಾರೂ ಸಾಯಲು ಒಪ್ಪದ ಕಾರಣ, ಆರುಮುಗಂ. ಆಂಡರ್ಸನ್‌ಪೇಟೆಯಲ್ಲಿ ಆಡಿದೆವು, ಜನ ಕಿಕ್ಕಿರಿದು ಬಂದರು. ಆ ಸುದ್ದಿ ಕೇಳಿ ಬಂಗಾರಪೇಟೆಯ ಮಂಡಿ ವರ್ತಕರು ತಮ್ಮಲ್ಲೂ ಆಡಿ ಎಂದು ಕರೆದರು. ಜಯರಾಮಪ್ಪ ಆಗಲಿ ಎಂದುಬಿಟ್ಟ.

ಕೋದಂಡಪ್ಪ ಒಲ್ಲೆ ಎಂದ. ಹೊಟ್ಟೆನೋವು ಎಂದ, ಡ್ಯೂಟಿ ಎಂದ. "ಲೇ, ಸ್ವಂತ ಊರಿನ ಜನ ಕಣ್ಲಾ, ನಿನ್ನ ಎತ್ಕೊಂಡು ಮೆರೀತಾರೆ, ನಡಿ!" ಎಂದು ಜಯರಾಮಪ್ಪ ಗದರಿಸಿ ರೈಲು ಹತ್ತಿಸಿದ. ಅವನ ಮುಖ ಕಂಡು, ರಂಗದ ಭಯ ಇರಬೇಕು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ, ಸಂತೆ ಬಯಲಿನಲ್ಲಿ ಪೆಂಡಾಲು. ನಮ್ಮ ಕಡೆ ನಾಟಕ ನೋಡುವ ಜನ ಮೆಚ್ಚಿದರೆ ನಡುವೆಯೇ ಎದ್ದು ರಂಗ ಹತ್ತಿ ಪಾತ್ರಧಾರಿಗೆ ಮೆಡಲು ಚುಚ್ಚುತ್ತಾರೆ, ಹಾರ ಹಾಕುತ್ತಾರೆ. ಅಲ್ಲಿಯವರೆಗೆ ರಾಮ ರಾವಣರೂ ಕೈಕಟ್ಟಿ ನಿಲ್ಲಬೇಕು. ಸಾವಿನ ಸೀನು ಮುಗಿಯುತ್ತಿದ್ದಂತೆ ಮಂಡಿ ವರ್ತಕನೊಬ್ಬ ಬಂದು ಕೋದಂಡಪ್ಪನ ಎದೆಗೆ ಬೆಳ್ಳಿ ಮೆಡಲು ಚುಚ್ಚಿದ. ಚಪ್ಪಾಳೆ. ಅವನ ಹಿಂದೆಯೇ ಒಬ್ಬ ಹೆಂಗಸು ಮೆಟ್ಟಿಲು ಹತ್ತಿದಳು. ಅವಳೂ ಏನೋ ಕೊಡಲು ಬಂದಳೆಂದು ಹಾರ್ಮೋನಿಯಂನವನು ಒಂದು ಸ್ವರ ಎಳೆದ. ಮುನಿರತ್ನಮ್ಮ!

ಅವಳು ಮೊದಲು ನೋಡಿದ್ದು ತೊಡೆಯ ಮೇಲೆ ಸತ್ತು ಮಲಗಿದ್ದ ಆರುಮುಗನನ್ನು. ಬಗ್ಗಿ ಮುಖ ನೋಡಿದಳು. ಆ ಬಡಪಾಯಿ ಉಸಿರು ಬಿಗಿಹಿಡಿದ. ಆಮೇಲೆ ಕೋದಂಡಪ್ಪನ ಕಡೆ ತಿರುಗಿದಳು.

"ಇಂಗೇನಾ ಅಣ್ಣಾ? ನಿನ್ನ ತೊಡೆ ಮ್ಯಾಲೇನಾ ಓಗಿದ್ದು?"

ಕೋದಂಡಪ್ಪನ ಎದೆಯ ಮೇಲೆ ಮೆಡಲು, ಎದುರಿಗೆ ಊರಿಗೆ ಊರೇ. ಏನು ಹೇಳಬೇಕಿತ್ತು ಪಾಪಿ, ನೀವೇ ಹೇಳಿ.

"ಊ ಕಣಮ್ಮಾ" ಎಂದ.

"ನೀನು ಕಣ್ಣಾರೆ ಕಂಡ್ಯಾ?"

"ಕಂಡೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂದೇ ಯಾಕೆ ಏಳ್ಲಿಲ್ಲ ಅಂತ ಕೇಳಕಿಲ್ಲ. ನಿಂಗೂ ನೋವಿತ್ತೇನೋ" ಎಂದು ಅವನ ಕಾಲು ಮುಟ್ಟಿ ನಮಸ್ಕರಿಸಿ ಇಳಿದು ಹೋದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಥೂ, ನಾನೂ ತಟ್ಟಿದೆ.

ಬರುವ ಗುರುವಾರ ಕೆರೆಯ ಹತ್ತಿರ ಕರ್ಮ ಎಂದು ಅನಸೂಯಮ್ಮನ ತೌರಿನಿಂದ ಸುದ್ದಿ ಬಂತು. ಆ ಗುರುವಾರ ಬೆಳಿಗ್ಗೆ ಗಣಿಯಲ್ಲಿ ಪಾಳಿ ಬದಲಾಗುವ ಸಂಗು ಕೂಗುವ ಹೊತ್ತಿಗೆ ಕೋದಂಡಪ್ಪ ಅಂಗಡಿಗೆ ಬಂದ. ಗಡ್ಡ ಬಿಟ್ಟಿದ್ದ. ಬೆಂಚಿನ ಮೇಲೆ ಕೂರದೆ ನೆಲದ ಮೇಲೆ ಕೂತ.

"ಗುಂಡೂ ಇಲ್ಲ, ಗುಂಡೀನೂ ಇಲ್ಲ ಮುನಿಸ್ವಾಮಪ್ಪಾ. ಅವನಿಗೆ ಜ್ವರ ಬಂದಿತ್ತು, ನಡೆಯಕ್ಕಾಗ್ತಿರ್ಲಿಲ್ಲ. ಒಂದು ಮರದ ಬುಡದಾಗೆ ಕುಂಡ್ರಿಸಿ, ಜನ ಕರ್ಕೊಂಡು ಬತ್ತೀನಿ ಅಂತ ಏಳಿ ಓದೆ. ತಿರುಗಿ ಓಗ್ಲಿಲ್ಲ. ಒಂದು ಸಲಾನೂ ತಿರುಗಿ ನೋಡ್ಲಿಲ್ಲ."

ನನಗೆ ಮೈ ಉರಿದುಹೋಯಿತು. "ಅಯೋಗ್ಯ! ಹಾಗಾದರೆ ಬೆನ್ನ ಮೇಲೆ ಹೊತ್ತಿದ್ದು?"

"ಒರ್ಬೇಕಿತ್ತಲ್ಲ" ಎಂದು ಮಂಡಿಗೆ ಮುಖ ಒತ್ತಿಕೊಂಡ. "ಬರೀತಾ ಬರೀತಾ ನಿಜವಾಗ್ಲೂ ಒತ್ಕೊಂಡಂಗೆ ಆಗೋದು. ಆವೊತ್ತು ಮಾಡ್ಲಿಲ್ಲ, ಕಾಗದದಾಗಾದ್ರೂ ಮಾಡಾನ ಅಂತ ಬರೆದೆ. ಅವನ ಎಸ್ರಾದ್ರೂ ಉಳೀಲಿ ಅಂತ."

ನಾನು ಸ್ವಲ್ಪ ತಣ್ಣಗಾದ ಮೇಲೆ ಲೋಕದ ಬುದ್ಧಿ ಹೇಳಿದೆ. ಇಪ್ಪತ್ತು ವರ್ಷವಾಗಿದೆ, ಜ್ವರದಲ್ಲಿ ಬಿದ್ದವನು ಆ ಕಾಡಿನಲ್ಲಿ ಬದುಕಿರುತ್ತಾನೆಯೇ? ಆಕೆಗೆ ಒಂದು ಬಿಡುಗಡೆ ಸಿಗುತ್ತಿದೆ. ನಿನ್ನ ಸುಳ್ಳಿನಿಂದಲಾದರೂ ಸಿಗಲಿ, ಸುಮ್ಮನಿರು ಎಂದೆ. ಈಗಲೂ ಆ ಮಾತು ತಪ್ಪೆಂದು ನನಗೆ ಅನಿಸುವುದಿಲ್ಲ.

"ಕಣ್ಣಾರೆ ಕಂಡೋರು ಏಳ್ಬೇಕು ಅಂದವ್ಳೆ. ನಾನು ಕಂಡಿಲ್ವಲ್ಲ" ಎಂದ ಕೋದಂಡಪ್ಪ. "ನನ್ನ ಮಾತು ನಂಬಿ ಬಳೆ ಒಡ್ಕೊಂಡ್ರೆ, ಅವನನ್ನ ಎಲ್ಡನೇ ಸಲ ಬಿಟ್ಟು ಬಂದಂಗೆ." ಎದ್ದು ಸ್ಟೇಷನ್ನಿನ ಕಡೆ ನಡೆದ. ಬಿಟ್ಟಿರಲಾರದೆ ನಾನೂ ಹೊರಟೆ.

ನಾವು ಕೆರೆಯ ಹತ್ತಿರ ತಲುಪುವ ಹೊತ್ತಿಗೆ ಹೆಂಗಸರು ಮುನಿರತ್ನಮ್ಮನಿಗೆ ಅರಿಶಿನ ಹಚ್ಚಿ, ಹೂ ಮುಡಿಸಿ, ಕಡೆಯ ಸಲ ಕೈತುಂಬ ಬಳೆ ತೊಡಿಸಿ ಕೂರಿಸಿದ್ದರು. ಪೆದ್ದಮ್ಮ ಎಂಬ ಮುದುಕಿ ಒಡೆಯುವ ಕಲ್ಲು ಹಿಡಿದು ಪಕ್ಕದಲ್ಲಿದ್ದಳು. ಚಿಕ್ಕವೆಂಕಟಪ್ಪನ ಅಣ್ಣ ದೊಡ್ಡವೆಂಕಟಪ್ಪ ನಮ್ಮನ್ನು ಕಂಡು, "ಬಾಪ್ಪಾ ಬಾ, ನೀನು ಬಂದಿದ್ದು ಭೇಷಾಯ್ತು" ಎಂದು ಕೈಹಿಡಿದು ಕರೆದ.

ಕೋದಂಡಪ್ಪ ಕೈ ಬಿಡಿಸಿಕೊಂಡ. "ನಿಲ್ಸಿ. ನಾನು ಏಳಿದ್ದು ಸುಳ್ಳು" ಎಂದ. ನನಗೆ ಹೇಳಿದ್ದನ್ನೆಲ್ಲ ಹೇಳಿದ. ನನಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಮಾತನ್ನೂ ಅಲ್ಲಿ ಹೇಳಿದ. ಹೇಳುವಾಗ ಅವನ ದನಿ ಹೆಣ್ಣುಮಕ್ಕಳ ದನಿಯ ಹಾಗೆ ಸಣ್ಣಗಾಗಿಬಿಟ್ಟಿತು.

"ನನ್ನ ಬೂಟು ಕಿತ್ತೋಗಿದ್ವು. ಅವನವು ಚೆನ್ನಾಗಿದ್ವು. ಅವನು ಎಚ್ಚರಾಗೇ ಇದ್ದ. ನಾನು ಬಿಚ್ಕೊಂಡೆ. ಬ್ಯಾಡ ಅನ್ಲಿಲ್ಲ ಅವನು, ಕಾಲು ಚಾಚಿ ಕೊಟ್ಟ. ಬೇಗ ಬಾರೋ ಅಂದ."

ನಾನು ನೆಲ ನೋಡಿದೆ. ಅಲ್ಲಿದ್ದ ಗಂಡಸರೆಲ್ಲ ನೆಲ ನೋಡಿದರು. ನನ್ನ ಅಂಗಡಿಯಲ್ಲಿ ಇಂಥವನ ಜೊತೆ ಕೂತು ಟೀ ಕುಡಿದೆನಲ್ಲ ಎಂದು ನಾಚಿಕೆಯಾಯಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಬೂಟು ಬಿಡುತ್ತಿದ್ದೆನೇ ಎಂದು ಯೋಚಿಸಿ ಇನ್ನೂ ನಾಚಿಕೆಯಾಯಿತು.

ದೊಡ್ಡವೆಂಕಟಪ್ಪ, "ನಿನ್ನ ವಂಶ ಆಳಾಗ!" ಎಂದು ಕೈಯೆತ್ತಿ ನುಗ್ಗಿದ. ಕೋದಂಡಪ್ಪ ಕೆನ್ನೆ ಕೊಟ್ಟು ನಿಂತ. ಆ ಏಟಿಗಾಗಿಯೇ ಬಂದಿದ್ದನೋ ಏನೋ. ಅಷ್ಟರಲ್ಲಿ ಮುನಿರತ್ನಮ್ಮ ಎದ್ದು ಬಂದು ಭಾವನ ಕೈ ಹಿಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

"ನೀನು ಬಿಟ್ಟು ಬರೋವಾಗ ಮಾತಾಡ್ತಿದ್ನಾ?" ಎಂದು ಕೇಳಿದಳು.

"ಆಡ್ತಿದ್ದ."

"ಎದ್ದು ಕುಂತಿದ್ನಾ?"

"ಕುಂತಿದ್ದ ಕಣಮ್ಮಾ."

ಅವಳು ಪೆದ್ದಮ್ಮನ ಕೈಯಿಂದ ಕಲ್ಲು ಕಿತ್ತು ಕೆರೆಗೆ ಎಸೆದಳು. ಬೆವರಿಗೆ ಇಳಿಯುತ್ತಿದ್ದ ಕುಂಕುಮವನ್ನು ಬೆರಳಿನಲ್ಲಿ ಸರಿಮಾಡಿಕೊಂಡಳು. "ಏಳಿ ಒಳ್ಳೇದು ಮಾಡ್ದೆ ಅಣ್ಣಾ, ನಾನು ತಪ್ಪು ಮಾಡ್ಬುಡ್ತಿದ್ದೆ" ಎಂದು ಕೋದಂಡಪ್ಪನಿಗೆ ಕೈಮುಗಿದಳು. ಆಮೇಲೆ ತನ್ನಷ್ಟಕ್ಕೆ ಲೆಕ್ಕ ಹಾಕುವವಳಂತೆ, ಸಮಾಧಾನದಿಂದ ಹೇಳಿದಳು.

"ಅಷ್ಟು ದೂರದಿಂದ ಬರಿಗಾಲಾಗೆ ಬರ್ಬೇಕಲ್ಲ, ಪಾಪ. ಅದ್ಕೇ ತಡ ಆಗೈತೆ."