ಕಾಡೀರುಳ್ಳಿ ಹೂಬಿಟ್ಟ ದಿಬ್ಬ

ಟಣ್.

ಯಾಮ್ನಾ ಗುದ್ದಲಿಯ ಹಿಂಬದಿಯಿಂದ ದಿಬ್ಬವನ್ನು ಇನ್ನೊಮ್ಮೆ ತಟ್ಟಿದಳು. ಮತ್ತೆ ಟಣ್. ಮಣ್ಣಾಗಿದ್ದರೆ ದಪ್ ಎನ್ನಬೇಕಿತ್ತು, ಗೋಧಿ ತುಂಬಿದ ಚೀಲವನ್ನು ತಟ್ಟಿದ ಹಾಗೆ.

"ಇದು ಮಣ್ಣಲ್ಲ ಮಗಾ, ಸುಣ್ಣಕಲ್ಲಿನ ಪುಡಿ. ಇದನ್ನ ಹರಡಿ ನೆಟ್ರೆ ನಮ್ಮ ಆರು ಸಾವಿರ ಸಸಿಗೂ ಗೋರಿ ಆಗುತ್ತೆ, ಅಷ್ಟೆ," ಎಂದಳು.

ಗಣಿಯ ಎಂಜಿನಿಯರ್ ಝುಹೈರ್ ಜೀಪಿನ ಮೂತಿಯ ಮೇಲೆ ನಕಾಶೆ ಹರಡಿದ. ಹಿರಿಯಳೆಂದು ಅವಳನ್ನು ಲಾಲ್ಲಾ ಎಂದೇ ಕರೆಯುತ್ತಿದ್ದ. "ನೋಡಿ ಲಾಲ್ಲಾ ಯಾಮ್ನಾ, ಹದಿನಾಲ್ಕನೇ ದಿಬ್ಬ, ಮೇಲ್ಮಣ್ಣು. ಸಹಿ ಇದೆ, ಮೊಹರು ಇದೆ."

"ಮೊಹರಿನ ಮೇಲೆ ಹುಲ್ಲು ಬೆಳೆಯುತ್ತಾ?"

ಸಸಿಮಡಿಯ ಹೆಂಗಸರು ಸೆರಗಿನೊಳಗೇ ನಕ್ಕರು. ಲಾರಿ ಡ್ರೈವರ್ ಬುವಾಝಾ ಮಾತ್ರ ನಗಲಿಲ್ಲ. ಯಾಮ್ನಾಳ ಚಿಕ್ಕಪ್ಪನ ಮಗ ಅವನು, ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ನಗೆಚಾಟಿಕೆ ಬಿಡದವನು. ಇವತ್ತು ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದ.

ನಮ್ಮ ಖರ್ರೂಬಾ ಊರಿನ ಇಳಿಜಾರಿನ ಕೆಳಗೆ ಗೊಬ್ಬರದ ಅದಿರು, ಫಾಸ್ಫೇಟ್ ಇತ್ತು. ಹನ್ನೊಂದು ವರ್ಷದ ಹಿಂದೆ ಹೊಲದ ಮೇಲ್ಮಣ್ಣನ್ನು ಸುಲಿದು ಬೇರೆಯಾಗಿ ಗುಡ್ಡೆ ಹಾಕಿದರು, ಗಣಿ ಮುಗಿದಮೇಲೆ ವಾಪಸು ಹೊದಿಸಲಿಕ್ಕೆಂದು. ಕೆಳಗಿನದ್ದೆಲ್ಲ ರೈಲು ಹತ್ತಿ ಕಸಾಬ್ಲಾಂಕಾಕ್ಕೆ ಹೋಯಿತು. ಈಗ ಕುಳಿ ಮುಚ್ಚಿದೆ, ಮಣ್ಣು ಹರಡಬೇಕು, ಮಳೆಗೆ ಮುಂಚೆ ಸಸಿ ನೆಡಬೇಕು. ಆಲಿವ್ ಮತ್ತು ಊರಿಗೆ ಹೆಸರು ಕೊಟ್ಟ ಸಿಹಿಕಾಯಿಯ ಖರ್ರೂಬ್ ಮರದ ಸಸಿ ಆರು ಸಾವಿರ, ಯಾಮ್ನಾ ಮತ್ತು ಅವಳ ಹೆಂಗಸರು ಒಂದೊಂದನ್ನೂ ಚೀಲದಲ್ಲಿ ಬೆಳೆಸಿದ್ದು. ಮೂರನೇ ವಸಂತದ ಹೊತ್ತಿಗೆ ಇಳಿಜಾರು ಹಸಿರಾದರೆ ಅದು ಊರಿಗೆ ಮರಳುತ್ತದೆ. ಇಲ್ಲವಾದರೆ ಅದಿರು ತೊಳೆದ ಕೆಸರುನೀರು ನಿಲ್ಲಿಸಲು ಗಣಿಯವರು ಅಲ್ಲೇ ಕೆರೆ ಮಾಡುತ್ತಾರೆ. ಹಾಗೆಂದು ಬರೆದ ಕಾಗದಕ್ಕೂ ಮೊಹರು ಇತ್ತು. ಅದೊಂದನ್ನು ಮಾತ್ರ ಯಾಮ್ನಾ ನಂಬಿದ್ದಳು.

ನಮ್ಮಲ್ಲಿ ಹೊಲದ ಗಡಿಗೆ ಕಲ್ಲು ನೆಡುವುದಿಲ್ಲ. ಕಲ್ಲು ರಾತ್ರಿ ನಡೆಯುತ್ತದೆ ಎನ್ನುತ್ತಾರೆ ಹಿರಿಯರು. ನೆಡುವುದು ಕಾಡೀರುಳ್ಳಿ. ಮಗುವಿನ ತಲೆಯಷ್ಟು ದಪ್ಪದ ಗಡ್ಡೆ, ವಿಷ, ಕುರಿ ಮೂಸಿಯೂ ನೋಡದು. ನೇಗಿಲು ಸೀಳಿದರೂ ಸಾಯದು. ನೆರೆಯವನ ಗಡ್ಡೆ ಕಿತ್ತವನಿಗೆ ನಮ್ಮೂರಲ್ಲಿ ಯಾರೂ ಚಹಾ ಕೊಡುವುದಿಲ್ಲ.

ಯಂತ್ರಗಳು ಬಂದ ದಿನ ಯಾಮ್ನಾ ಅವುಗಳ ಮುಂದೆ ಮುಂದೆ ನಡೆಯುತ್ತ ಗಡಿಯ ಗಡ್ಡೆಗಳನ್ನೆಲ್ಲ ಕಿತ್ತು ಕತ್ತೆಯ ಮೇಲೆ ಹೇರಿದಳು. ಸುಲಿದು ಮುಗಿದ ಸಂಜೆ ಮೇಲ್ಮಣ್ಣಿನ ಗುಡ್ಡೆಯ ನೆತ್ತಿಗೆ ಹತ್ತಿ ಅವನ್ನು ನೆಟ್ಟಳು. ಆಗ ಬುವಾಝಾ ಲಾರಿಯಿಂದಲೇ ಕೂಗಿದ್ದ: "ಏ ಯಾಮ್ನಾ, ಯಾರ ಹೊಲಕ್ಕೆ ಗಡಿ ಹಾಕ್ತಿದೀಯೇ? ಗಣಿಯೋರ ಆಸ್ತಿ ಪಾಲು ಮಾಡ್ತೀಯಾ?"

"ಪಾಲಲ್ಲ ಕಣೋ. ಇದು ಮಣ್ಣು ಅಂತ ಗುರುತು."

ಮರುದಿನವೇ ಬೇಲಿ ಬಿತ್ತು. ಊರು ರಸ್ತೆ ಬದಿಗೆ ಎದ್ದುಹೋಯಿತು. ಬೇಲಿಯೊಳಗೆ ದಿಬ್ಬಗಳು ನಲವತ್ತಾದವು, ದಾರಿಗಳು ದಿಕ್ಕು ಬದಲಿಸಿದವು, ಬೂದುಧೂಳು ಕೂತು ಎಲ್ಲವೂ ಒಂದೇ ತಾಯಿಯ ಮಕ್ಕಳಂತಾದವು. ಬೇಸಿಗೆಯಲ್ಲಿ ಕಾಡೀರುಳ್ಳಿಗೆ ಎಲೆಯೂ ಇರುವುದಿಲ್ಲ; ಮಳೆಗೆ ಸ್ವಲ್ಪ ಮುಂಚೆ ಬರಿನೆಲದಿಂದ ಹೂವಷ್ಟೇ ಏಳುತ್ತದೆ.

ಹದಿನಾಲ್ಕನೇ ದಿಬ್ಬದ ಕೆಳಗೆ ಚಹಾ ಸುರಿಯುವಾಗ ಬುವಾಝಾ ಬಾಯಿಬಿಟ್ಟ.

"ಮೇಲ್ಮಣ್ಣು ಸಾಗಿಸಿದ್ದು ಉಪವಾಸದ ತಿಂಗಳಲ್ಲಿ. ಉರಿ ಬಿಸಿಲು. ಹದಿನಾಲ್ಕು ಅಂದ್ರೆ ಆಚೆ ತುದಿ, ಹೋಗಿ ಬರೋಕೆ ಮುಕ್ಕಾಲು ಗಂಟೆ. ಸಂಜೆ ಬಾಂಗ್ ಹೊತ್ತಿಗೆ ಮನೇಲಿ ಹರೀರಾ ಸಾರು ಕಾಯ್ತಿತ್ತು. ನಾವು ಡ್ರೈವರುಗಳೆಲ್ಲ ಹತ್ತಿರದ ಗುಡ್ಡೆಗೇ ಸುರಿದ್ವಿ, ಹದಿನಾಲ್ಕು ಅಂತ ಬರೆದ್ವಿ. ಆಮೇಲೆ ಬಂದ ಕಲ್ಲುಪುಡಿ ಖಾಲಿ ಇದ್ದ ಹದಿನಾಲ್ಕಕ್ಕೆ ಹೋಯ್ತು."

ಝುಹೈರನ ಲೋಟ ಗಾಳಿಯಲ್ಲೇ ನಿಂತಿತು. "ಹತ್ತಿರದ್ದು ಅಂದ್ರೆ ಯಾವುದು?"

"ಹಸಿದವನಿಗೆ ಗುಡ್ಡೆ ಕಾಣುತ್ತಾ ಸಾಹೇಬ್ರೆ? ನನಗೆ ಸಾರಿನ ಹಬೆ ಕಾಣ್ತಿತ್ತು."

"ದೇವರು ನಿನ್ನ ಹೊಟ್ಟೆ ತಣ್ಣಗಿಡಲಿ," ಎಂದಳು ಯಾಮ್ನಾ. "ನನ್ನ ಹೊಲಾನೇ ಕುಡಿದುಬಿಟ್ಟೆಯಲ್ಲೋ." ಆಮೇಲೆ ಝುಹೈರನ ಕಡೆ ತಿರುಗಿದಳು. "ನಾನು ಮಣ್ಣಿನ ಮೇಲೆ ನೆಟ್ಟ ಕಾಡೀರುಳ್ಳಿ ಹೂ ಬಿಡೋ ತನಕ ಕಾಯಿ ಮಗಾ."

"ಸೋಮವಾರ ಲಾರಿ ಹೊರಡಬೇಕು. ಇನ್ನು ನಾಲ್ಕೇ ದಿನ."

"ಹಾಗಾದ್ರೆ ನಾಲ್ಕು ದಿನ."

ಅವಳು ದಿನಾ ನಸುಕಿನಲ್ಲಿ ಬೇಲಿ ದಾಟಿ ದಿಬ್ಬದಿಂದ ದಿಬ್ಬಕ್ಕೆ ಹತ್ತಿದಳು. ಐವತ್ತು ದಾಟಿದ ಮೊಣಕಾಲು. ಮೊದಲ ದಿನ ಏನಿಲ್ಲ. ಎರಡನೇ ದಿನ ಹಾವಿನ ಪೊರೆ ಸಿಕ್ಕಿತು. ಮೂರನೇ ದಿನವೂ ಏನಿಲ್ಲ; ಸಸಿಗಳಿಗೆ ನೀರು ಹಾಕುವಾಗ ಅವಳು ಎಲೆಗಳನ್ನು ಒಂದೊಂದಾಗಿ ಒರೆಸಿದಳು.

ನಾಲ್ಕನೆಯ ಬೆಳಿಗ್ಗೆ ಹಳೆ ಲಾರಿದಾರಿಯ ಪಕ್ಕದಲ್ಲಿ, ನಕಾಶೆಯಲ್ಲಿ 'ಕಲ್ಲುಕಸ' ಎಂದು ಬರೆದಿದ್ದ ಮೂರನೇ ದಿಬ್ಬದ ಮೇಲೆ, ಒಣನೆಲದಿಂದ ಬೆರಳುದ್ದದ ಕುಡಿಗಳು ಎದ್ದಿದ್ದವು. ಒಂದೆರಡಲ್ಲ, ಹತ್ತಾರು. ಮಳೆಯ ಹನಿ ಬಿದ್ದಿರಲಿಲ್ಲ, ಎಲೆಯ ಸುಳಿವಿರಲಿಲ್ಲ. ಒಂದರ ತುದಿಯಲ್ಲಿ ಆಗಲೇ ನಾಲ್ಕು ಬಿಳಿ ಹೂ. ಹನ್ನೊಂದು ವರ್ಷ ಧೂಳಿನ ಕೆಳಗೆ ಅವು ತಮ್ಮ ಗುರುತನ್ನು ಮರೆತಿರಲಿಲ್ಲ. ಯಾಮ್ನಾ ಪಕ್ಕದಲ್ಲೇ ಕುಳಿತುಬಿಟ್ಟಳು.

"ಹೂವೇನೋ ಸರಿ," ಎಂದ ಓಡಿಬಂದ ಝುಹೈರ್. "ಆದ್ರೆ ಕಚೇರಿಗೆ ಹೂ ತೋರಿಸಕ್ಕಾಗಲ್ಲ, ಲಾಲ್ಲಾ."

ಅವಳು ಮೊಣಕೈ ಆಳ ತೋಡಿ ಚಹಾದ ಕೆಟಲ್‌ನಿಂದ ನೀರು ಸುರಿದಳು. ನೀರು ಗುಟುಕರಿಸಿದಂತೆ ಇಳಿದುಹೋಯಿತು. ತಳದಲ್ಲಿ ಎರೆಹುಳು ಒಂದು ಮೈ ಮುರಿಯಿತು. ಹದಿನಾಲ್ಕನೆಯದರಲ್ಲಿ ಅಷ್ಟೇ ಆಳದ ಗುಂಡಿಗೆ ಸುರಿದ ನೀರು ಮಧ್ಯಾಹ್ನದವರೆಗೂ ಹಾಲಿನ ಬಣ್ಣಕ್ಕೆ ತಿರುಗಿ ನಿಂತೇ ಇತ್ತು. ಝುಹೈರ್ ನಕಾಶೆ ತೆಗೆದ, 'ಕಲ್ಲುಕಸ'ವನ್ನು ಹೊಡೆದುಹಾಕಿ ಕೆಳಗೆ ತನ್ನ ಹೆಸರು ಬರೆದ. ಅದಕ್ಕೂ ಎದೆಗಾರಿಕೆ ಬೇಕು.

ಸೋಮವಾರದ ಮೊದಲ ಲಾರಿ ಬುವಾಝಾನದು. ಅವನು ಅಂದು ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ.

ಮೂರನೇ ವಸಂತದಲ್ಲಿ ಅಳೆಯುವವರು ಬಂದರು, ಬಾಗಿ ಬಾಗಿ ಎಣಿಸಿದರು, ಹೋದರು. ಇಳಿಜಾರು ಊರಿಗೆ ಮರಳಿತು. ಆ ಬೇಸಿಗೆ, ಮೂರನೇ ದಿಬ್ಬದಿಂದ ಕಿತ್ತು ಸಸಿಮಡಿಯ ಬೇಲಿಗುಂಟ ಕಾಪಿಟ್ಟಿದ್ದ ಗಡ್ಡೆಗಳನ್ನು ಮನೆಮನೆಗೆ ಹಂಚಿ, ಎಲ್ಲರೂ ಗಡಿ ನೆಡುತ್ತಿದ್ದರು. ಝುಹೈರ್ ಯಾಮ್ನಾಳನ್ನು ಹುಡುಕಿಕೊಂಡು ಬಂದ.

"ಇಲ್ಲೊಂದು ಫಲಕ ಹಾಕಿಸ್ತಾರಂತೆ ಲಾಲ್ಲಾ. ಈ ಮಣ್ಣನ್ನ ಕಂಡುಹಿಡಿದಿದ್ದು ಹೇಗೆ ಅಂತ ಎರಡು ಸಾಲು ಬರೀಬೇಕು. ನಿಮ್ಮ ಹೆಸರೂ..."

"ಬರೀರಿ ಸಾಹೇಬ್ರೆ," ಎಂದ ಬುವಾಝಾ, "ಕಳೆದಿದ್ದು ಹರೀರಾದಿಂದ, ಸಿಕ್ಕಿದ್ದು ಈರುಳ್ಳಿಯಿಂದ. ಅಡುಗೆಮನೆ ವ್ಯವಹಾರ."

"ತಮಾಷೆ ಬಿಡಪ್ಪ. ಹೇಳಿ ಲಾಲ್ಲಾ, ಮೊದಲು ನಿಮಗೆ ಅನುಮಾನ ಬಂದಿದ್ದು..."

"ಮೊದಲು, ನಾನು ಗುದ್ದಲಿ ತಿರುಗಿಸಿ..." ಎಂದು ಶುರುಮಾಡಿದವಳು ತಲೆ ವಾಲಿಸಿ ಕಿವಿಗೊಟ್ಟಳು.

ಇಳಿಜಾರಿನ ಕೆಳಗೆ ಯಾರದೋ ಗುದ್ದಲಿ: ಟಣ್.

"ಅಯ್ಯೋ, ಅಲ್ಲಿ ಬೇಡ ಕಣೇ! ಎರಡು ಹೆಜ್ಜೆ ಈ ಕಡೆ ಬಾ!" ಎಂದು ಕೂಗುತ್ತ, ಮಡಿಲಿನಲ್ಲಿದ್ದ ಗಡ್ಡೆಯನ್ನು ಹಿಡಿದುಕೊಂಡು ಯಾಮ್ನಾ ಇಳಿದು ಹೋದಳು.