ಜೊಂಜುವಿನಿಂದ ತಂದ ಹೆಪ್ಪು

ಕೆಳಗಿನ ಮನೆ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನೊಳಗೆ ಸೋಯಾ ಸಾಸಿನ ಕಪ್ಪು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರುಚಿ ನೋಡುವಾಗ ಸೌಟಿನಿಂದ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಗ ಯಾರೂ ಮಾತಾಡಿಸಬಾರದು.

ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮದು ಮೇಲಿನ ಫ್ಲಾಟು, ಆಕೆಯದು ಕೆಳಗಿನದು, ಹಿತ್ತಲೂ ಆಕೆಯದೇ. ಹಿತ್ತಲಲ್ಲಿ, ಬಿಸಿಲಿಗೆ ಸೋಯಾ ಸಾಸು ಹುದುಗುವ ಮೊಣಕಾಲೆತ್ತರದ ಮಣ್ಣಿನ ಭರಣಿ. ಧಾರವಾಡದಲ್ಲಿ ನಮ್ಮವ್ವ ಹೊಸ್ತಿಲು ತೊಳೆಯುವಷ್ಟೇ ನೇಮದಿಂದ ಅಜ್ಜಿ ದಿನಾ ಬೆಳಿಗ್ಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಿಸಿಲು ಬಂತೆಂದರೆ ಓಡಿಬಂದು ಮುಚ್ಚಳ ತೆಗೆಯುವುದು, ಮೋಡ ಕವಿದರೆ ಓಡಿಬಂದು ಮುಚ್ಚುವುದು. ಲಂಡನ್ನಿನ ಬಿಸಿಲನ್ನು ನಂಬುವುದುಂಟೇ? ದಿನಕ್ಕೆ ಹತ್ತು ಸಲ ಓಡುತ್ತಿದ್ದಳು. ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನಗಳನ್ನು ತನ್ನ ಕೊರಿಯನ್ ಭಾಷೆಯಲ್ಲಿ ಬೈಯುತ್ತಿದ್ದಳು. ಏನಂದಿರಿ ಎಂದು ಕೇಳಿದರೆ, ಹರಕು ಇಂಗ್ಲಿಷಿನಲ್ಲಿ "ನೀನು ಮರ್ಯಾದಸ್ಥೆ, ನಿನಗೆ ಬೇಡ" ಅನ್ನುತ್ತಿದ್ದಳು.

ನನ್ನ ಬಾಣಂತನಕ್ಕೆ ಬರಬೇಕಿದ್ದ ಅವ್ವನಿಗೆ ವೀಸಾ ಸಿಗಲಿಲ್ಲ. ಆಗ ಮೂರು ವಾರ ದಿನಾ ಕಡಲಪಾಚಿಯ ಸಾರು ಹೊತ್ತು ಮೆಟ್ಟಿಲು ಹತ್ತಿದವಳು ಈ ಅಜ್ಜಿ. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದು, ಬರೀ ಪಾಚಿ, ಬೆಳ್ಳುಳ್ಳಿ, ಆ ಭರಣಿಯದೊಂದು ಚಮಚ ಸೋಯಾ. "ನಮ್ಮೂರಲ್ಲಿ ಹೆತ್ತವಳಿಗೆ ಇದೇ ಔಷಧ, ಕುಡಿ" ಎಂದು ಬಟ್ಟಲು ಖಾಲಿಯಾಗುವವರೆಗೆ ಎದುರಿಗೇ ಕೂರುತ್ತಿದ್ದಳು. ಆ ಊರು ಜೊಂಜು, ದಕ್ಷಿಣ ಕೊರಿಯಾದ ಹಳೆಯ ರಾಜವಂಶದ ಊರು, ಊಟಕ್ಕೆ ಹೆಸರಾದದ್ದು.

ಹೋದ ವರ್ಷ ಬೇಸಿಗೆಯ ಕೊನೆಗೆ ಅಜ್ಜಿ ಹಿತ್ತಲಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸ್ಟ್ರೆಚರಿನ ಮೇಲೆ ಮಲಗಿಯೇ ನನ್ನ ಕೈಗೆ ಕೀಲಿ ತುರುಕಿ, "ಬಿಸಿಲಿಗೆ ತೆಗಿ, ಮೋಡಕ್ಕೆ ಮುಚ್ಚು. ಬೇರೆ ಏನೂ ಮಾಡಬೇಡ" ಅಂದಳು.

ಸುಮ್ಮನಿರುವ ಪೈಕಿಯೇ ನಾನು? ಐದನೆಯ ದಿನ ಮುಚ್ಚಳ ತೆಗೆದರೆ ಸೋಯಾದ ಮೇಲೆ ಬಿಳಿ ಪದರ. ಬೂಷ್ಟು! ಬೂಷ್ಟು ಹಿಡಿದ ಉಪ್ಪಿನಕಾಯಿ ಮನೆಯಲ್ಲಿರಬಾರದು ಎಂದು ಕೇಳಿ ಬೆಳೆದವಳು ನಾನು. ಅಜ್ಜಿ ಬಂದು ಇದನ್ನು ನೋಡಿ ನೊಂದುಕೊಳ್ಳುವುದು ಬೇಡವೆಂದು ಅಷ್ಟನ್ನೂ ಮೋರಿಗೆ ಸುರಿದೆ. ಭರಣಿಯನ್ನೂ ಮುಚ್ಚಳವನ್ನೂ ಸಾಬೂನು ಹಾಕಿ, ಬಿಸಿನೀರಿನಲ್ಲಿ ಗಸಗಸ ತಿಕ್ಕಿ ಬೋರಲು ಹಾಕಿದೆ. ಸಂಜೆ ಆಸ್ಪತ್ರೆಯಲ್ಲಿ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನಿನ್ನ ಮೊಸರಿಗೆ ದಿನಾ ಹಳೆಯದೊಂದು ಚಮಚ ಎತ್ತಿಡುತ್ತೀಯಲ್ಲ, ಅದನ್ನು ನೀನು ಚೆಲ್ಲುತ್ತೀಯಾ?" ಎಂದು ಕೇಳಿದಳು.

ನಾನು ಚೆಲ್ಲಿದ್ದು ಹೆಪ್ಪು! ಆ ಬಿಳಿ ಪದರ ಬೂಷ್ಟಲ್ಲ, ಹುದುಗಿನದೇ ಕೆನೆಯಂತೆ. ಅಜ್ಜಿ ತನ್ನ ತಾಯಿ ಕೊಟ್ಟು ಕಳಿಸಿದ ಒಂದು ಬಾಟಲಿಗೆ ವರ್ಷವರ್ಷವೂ ಹೊಸದನ್ನು ಕೂಡಿಸಿ ಜೀವಂತ ಇಟ್ಟಿದ್ದಳು. ತಾಯಿಯ ಮೂಲ ಭರಣಿ ಜೊಂಜುವಿನಲ್ಲಿ ಅಕ್ಕನ ಮನೆಯಲ್ಲಿದೆ. ತಾಯಿಯ ಮಣ್ಣಿಗೆ ಇವಳು ಬರಲಿಲ್ಲವೆಂದು ಅಕ್ಕ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದಾಳೆ. ಇಷ್ಟು ಹೇಳಿ ಅಜ್ಜಿ ಗೋಡೆಯ ಕಡೆ ತಿರುಗಿದಳು. ಮರುದಿನದಿಂದ ಊಟ ಮುಟ್ಟಲಿಲ್ಲ. ಹೀಗೇ ಆದರೆ ಕಷ್ಟ ಎಂದು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅಕ್ಕನ ಭರಣಿಯಿಂದ ಹೆಪ್ಪು ತರುತ್ತೇನೆಂದು ಅಂದೇ ರಾತ್ರಿ ಮನೆಯಲ್ಲಿ ಹೇಳಿದೆ.

"ತಲಿ ಕೆಟ್ಟದೇನ ನಿನಗ? ಒಂದ್ ಬಾಟ್ಲಿ ಸಾಸಿಗೆ ಕೊರಿಯಾಕ್ಕ ಹೋಗ್ತೀಯಾ?" ಅಂದರು ನಮ್ಮವರು.

"ಚೆಲ್ಲಿದಾಕಿ ನಾನು. ನಾನ ಹೋಗಬೇಕ್ರಿ."

ಅಜ್ಜಿಯ ಅಡುಗೆಮನೆಯಲ್ಲಿದ್ದ ಹಳೇ ಲಕೋಟೆಯ ವಿಳಾಸ, ಒಂದು ಖಾಲಿ ಬಾಟಲಿ, ಗುರುತಿಗೆ ಆ ಭರಣಿಯ ಮುಚ್ಚಳ. ಇಷ್ಟೇ ನನ್ನ ಸಾಮಾನು. ಜೊಂಜುವಿನ ಹೆಂಚಿನ ಮನೆಗಳ ಓಣಿಯಲ್ಲಿ ಬಾಡಿಗೆಯ ರೇಷ್ಮೆ ಉಡುಪು ತೊಟ್ಟ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಯಾವ ಚಂದವೂ ಕಣ್ಣಿಗೆ ಹತ್ತಲಿಲ್ಲ. ಅಜ್ಜಿ ಇವತ್ತು ಒಂದು ತುತ್ತಾದರೂ ತಿಂದಿರಬಹುದೇ ಎಂಬುದೊಂದೇ ಚಿಂತೆ.

ಬಾಗಿಲು ತೆಗೆದವಳು ಅಜ್ಜಿಯದೇ ಅಚ್ಚು, ಇನ್ನೂ ಒಣಕಲು. ನನ್ನ ಮಾತು ಕೇಳದೆ ಮುಚ್ಚಳವನ್ನು ಕಿತ್ತುಕೊಂಡು ಮೂಸಿದಳು. ಫೋನು ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿತು. "ಇದಕ್ಕೆ ಸಾಬೂನು ಹಾಕಿದ್ದು ಯಾರು? ಮಣ್ಣು ಸಾಬೂನು ಕುಡಿಯುತ್ತದೆ."

"ನಾನು" ಅಂದೆ.

"ಅವಳು ಬದುಕಿದ್ದಾಳಾ?"

"ಊಟ ಬಿಟ್ಟಿದ್ದಾಳೆ."

ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗು ಅಂದಳೋ, ಕೂರು ಅಂದಳೋ ತಿಳಿಯದೆ ಜಗುಲಿಯ ಅಂಚಿನಲ್ಲಿ ನಿಂತೇ ಇದ್ದೆ. ಕೊನೆಗೆ ಹಿತ್ತಾಳೆ ಬಟ್ಟಲು ತಂದಿಟ್ಟಳು. ಬಿಸಿ ಅನ್ನ, ಸುತ್ತ ಬಣ್ಣಬಣ್ಣದ ಪಲ್ಯ, ನಡುವೆ ಮಾಂಸ. ನಾನು ಮಾಂಸವನ್ನು ಬದಿಗೆ ಸರಿಸುವುದನ್ನು ನೋಡಿ, ಏನೂ ಕೇಳದೆ ಅದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿ ನಾನು ಕೊಟ್ಟಿದ್ದ ಬಾಟಲಿ. ಅರ್ಧಕ್ಕೆ ಮಾತ್ರ ತುಂಬಿತ್ತು.

"ಉಳಿದರ್ಧಕ್ಕೆ ಅವಳೇ ಬರಲಿ" ಅಂದಿತು ಫೋನು.

ಹೀಥ್ರೂದಲ್ಲಿ ಇಳಿದವಳು ಮನೆಗೆ ಹೋಗದೆ ಪೆಟ್ಟಿಗೆ ಸಮೇತ ವಾರ್ಡಿಗೆ ಓಡಿದೆ. ಅಜ್ಜಿಯ ಮುಖ ಮುಷ್ಟಿಯಷ್ಟಾಗಿತ್ತು. ಮುಂಗೈ ಹಿಡಿದು ಒಂದು ಹನಿ ಬಿಟ್ಟೆ. ನೆಕ್ಕಿದಳು, ಕಣ್ಣು ಮುಚ್ಚಿದಳು.

"ಅಕ್ಕ ಈಗಲೂ ಉಪ್ಪು ಹೆಚ್ಚು ಹಾಕುತ್ತಾಳೆ" ಅಂದಳು. ನನಗೆ ಅಳು ತಡೆಯಲಾಗಲಿಲ್ಲ. ಅಕ್ಕನ ಷರತ್ತು ಹೇಳಿದೆ. ಅಜ್ಜಿ ಗಂಜಿ ಕೇಳಿದಳು.

ಮನೆಗೆ ಬಂದ ಮೇಲೆ ವಾಕರ್ ಹಿಡಿದು ಭರಣಿಯವರೆಗೆ ಹದಿನಾಲ್ಕು ಹೆಜ್ಜೆ ನಡೆಯುವುದನ್ನು ಕಲಿತಳು. ವಾರಗಟ್ಟಲೆ ನೀರು ಬದಲಿಸಿ ಸಾಬೂನಿನ ವಾಸನೆ ಬಿಡಿಸಿದ ಭರಣಿಗೆ ಆ ಅರ್ಧ ಬಾಟಲಿಯನ್ನೂ ಹೊಸ ಸೋಯಾವನ್ನೂ ನನ್ನ ಕೈಯಿಂದ ಸುರಿಸಿದಳು. "ಏಪ್ರಿಲ್‌ಗೆ ಹೋಗೋಣ, ನೀನೂ ಬಾ" ಅನ್ನುತ್ತಿದ್ದಳು. ಫೆಬ್ರುವರಿಯಲ್ಲಿ ಎದೆಯಲ್ಲಿ ಕಫ ಕಟ್ಟಿತು. ಮೂರೇ ದಿನದಲ್ಲಿ ಹೋಗಿಬಿಟ್ಟಳು. ನನ್ನನ್ನು ಕ್ಷಮಿಸಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಹಿತ್ತಲಿನ ಕೀಲಿಯನ್ನು ಮಾತ್ರ ನನ್ನಿಂದ ವಾಪಸು ಕೇಳಲಿಲ್ಲ.

ಈಗ ಬಿಸಿಲಿಗೆ ಓಡುವವಳು ನಾನು. ಬಿಳಿ ಪದರ ಬಂದರೆ ಹಾಗೇ ಬಿಡುತ್ತೇನೆ. ಏಪ್ರಿಲ್‌ಗೆ ಟಿಕೆಟ್ ಮಾಡಿಸಿದ್ದೇನೆ. ಈ ಭರಣಿಯಿಂದ ಒಂದು ಬಾಟಲಿ ತುಂಬಿ ಒಯ್ದು, ಆ ಅಕ್ಕನ ಮುಂಗೈ ಮೇಲೆ ಒಂದು ಹನಿ ಬಿಟ್ಟು, ಫೋನಿನ ಹಂಗಿಲ್ಲದೆ ನನ್ನ ಭಾಷೆಯಲ್ಲೇ ಹೇಳಬೇಕು: ತಂಗಿ ಬಂದಾಳ ನೋಡ್ರಿ.